ಟೇಲೆಂಡ್ ಅಂದ್ರ ಏನ್ರೀ?

ನಮಸ್ಕಾರ್ರೀ. ಮೊನ್ನೆ ಮಾನ್ವಿ ಕಡೆ ಒಂದು ಮದುವಿಗೆ ಹೋಗಿದ್ದೆ. ಕೊನೀ ಪಂಕ್ತಿ ಸಿಕ್ತು. ಹೋಳಿಗಿ ಮುಗಿದಿತ್ತು, ಅನ್ನ ಸಾರು ಅಷ್ಟ ಉಳಿದಿತ್ತು. ಬಾಜೂಕ ಕುಂತ ಹಿರಿಯರು ಎಲಿ ಒರೆಸ್ಕೋತ, "ಬಿಡ್ರಿ, ನಾವು ಟೇಲೆಂಡ್ ಮಂದಿ" ಅಂದ್ರು. ಪಂಕ್ತ್ಯಾಗ ಯಾರೂ ನಗಲಿಲ್ಲ.

ಟೇಲೆಂಡ್ ಅನ್ನೋದು ನೀರಾವರಿ ಇಂಜಿನಿಯರ್‌ಗಳ ಮಾತು. ಕಾಲುವಿ ಮುಗಿಯೋ ಜಾಗ. ತುಂಗಭದ್ರಾ ಎಡದಂಡೆ ಕಾಲುವಿ ಮುನಿರಾಬಾದ್‌ದಾಗ ಹುಟ್ಟಿ, ಗಂಗಾವತಿ, ಸಿಂಧನೂರು ದಾಟಿ, 220 ಕಿಲೋಮೀಟರ್‌ಗೂ ಹೆಚ್ಚು ಹರಿದು ರಾಯಚೂರು ತಾಲೂಕು ಮುಟ್ಟಬೇಕು.

ಇದರ ಜೋಡಿ ಬಂದ ಇನ್ನೊಂದು ಮಾತು ಗೇಜ್. ನೀರು ಎಷ್ಟು ಅಡಿ ನಿಂತದ ಅಂತ ತೋರಿಸೋಕ ಕಾಲುವಿ ಗ್ವಾಡಿ ಮ್ಯಾಲೆ ಬರೆದ ಅಳತಿ ಪಟ್ಟಿ. ಚಹಾದಂಗಡ್ಯಾಗ ಮುಂಜಾನೆ ಮಳಿ ಸುದ್ದಿ ಕೇಳಿದಂಗ "ಗೇಜ್ ಎಷ್ಟದ?" ಅಂತ ಕೇಳ್ತಾರ. ನಾನು ನೋಡಿದ ಒಂದು ಪಟ್ಟ್ಯಾಗ ಕೆಳಗಿನ ಎರಡು ಅಂಕಿ ಪಾಚಿ ಹಿಡಿದು ಕಪ್ಪಾಗಿದ್ವು. ಮ್ಯಾಲಿನ ಅಂಕಿಗಳ ಬಣ್ಣ ಬಳಿದ ದಿನದಂಗ ಇತ್ತು. ನೀರು ಅಲ್ಲೀತನ ಏರೇ ಇಲ್ಲ!

ಈಗ ಬಸ್ ಬರಲಿಲ್ಲ ಅಂದ್ರೂ ಟೇಲೆಂಡ್, ದವಾಖಾನ್ಯಾಗ ಡಾಕ್ಟರ್ ಇಲ್ಲ ಅಂದ್ರೂ ಟೇಲೆಂಡ್. ಹಣೆಬರಹ ಅನ್ನೋ ಜಾಗದಾಗ ಈ ಮಾತು ಬಂದು ಕುಂತದ. ನನ್ನ ತಕರಾರು ಇಲ್ಲೇ ಅದ. ಕೊನೀ ತೂಬಿನತನ ಯಾರಿಗೆಷ್ಟು ಪಾಲು ಅಂತ ಲೆಕ್ಕ ಹಾಕೇ ಕಾಲುವಿ ಅಗಲ, ಆಳ ಇಟ್ಟಿರ್ತಾರ. ಇಂಜಿನಿಯರ್ ನಕ್ಷಿಯೊಳಗ ಟೇಲೆಂಡ್ ಅಂದ್ರ ನೀರು ಮುಟ್ಟಲೇಬೇಕಾದ ಜಾಗ. ಈ ಕಾಲುವಿ ಬಹುಪಾಲು ಜೋಳ, ಹತ್ತಿಯಂಥ ಅರೆನೀರಾವರಿ ಬೆಳಿಗೆ ಅಂತ ಮಾಡಿದ್ದು. ಕಾಲುವಿ ಮ್ಯಾಲಿನ ಭಾಗದಾಗ ಭತ್ತ ಹಬ್ಬಿತು. ಅನಧಿಕೃತ ಪಂಪ್‌ಸೆಟ್ ಕುಂತ್ವು. 133 ಟಿಎಂಸಿ ಹಿಡಿತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕ ಇಳೀತು. ಮೊದಲು ಒಣಗಿದ್ದು ಕೊನೀ ಹೊಲ.

ಮ್ಯಾಲಿನ ರೈತರನ್ನ ಬೈಯಾಕ ಹೊಂಟಿಲ್ಲರೀ ನಾನು. ಅವರಿಗೂ ಸಾಲ ಅದ, ಭತ್ತ ಬಿಟ್ಟು ಬ್ಯಾರೆ ಬೆಳಿ ಹಾಕಾಕ ಧೈರ್ಯ ಬರಂಗಿಲ್ಲ. ಆದ್ರ ಯಾವ ತೂಬಿನ್ಯಾಗ ಎಷ್ಟು ನೀರು ಹೋತು ಅನ್ನೋ ಲೆಕ್ಕ ಕೇಳೋದು ಬಿಟ್ಟು "ನಾವು ಟೇಲೆಂಡ್" ಅಂತ ಸುಮ್ಮನ ಕುಂತ್ರ ನನಗ ಹೊಟ್ಟಿ ಉರೀತದ.

ಕೈ ತೊಳಿಯುವಾಗ ಆ ಹಿರಿಯರನ್ನ ಕೇಳಿದೆ, "ನಿಮ್ಮ ಕಡೆ ಗೇಜ್ ಎಷ್ಟದರೀ?"

"ಊರ ಮುಂದಿನ ಸೇತುವಿತನ ಬಂದು ನಿಂತದಪ್ಪ ನೀರು. ನನ್ನ ಹೊಲ ಅಲ್ಲಿಂದ ಇನ್ನೆರಡು ತೂಬು" ಅಂದ್ರು.