ಬಾಸ್ವರ್ತ್ ಕದನ ನಡೆದದ್ದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

1485ರ ಆಗಸ್ಟ್ 22. ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ ಲೆಸ್ಟರ್‌ಶೈರಿನಲ್ಲಿ ಹೆನ್ರಿ ಟ್ಯೂಡರ್‌ನ ಸೈನ್ಯದ ವಿರುದ್ಧ ಕಾದಾಡುತ್ತಲೇ ಸತ್ತ. ರಣರಂಗದಲ್ಲಿ ಜೀವ ಬಿಟ್ಟ ಕೊನೆಯ ಇಂಗ್ಲಿಷ್ ದೊರೆ ಅವನು. ಹೆನ್ರಿ ಪಟ್ಟಕ್ಕೆ ಬಂದ, ರಾಜವಂಶವೇ ಬದಲಾಯಿತು. ಆದರೆ ಆ ಬಾಸ್ವರ್ತ್ ಕದನ ಎಲ್ಲಿ ನಡೆಯಿತು ಅನ್ನುವುದೇ ಐನೂರು ವರ್ಷ ಕಳೆದರೂ ಗಟ್ಟಿಯಾಗಿ ಗೊತ್ತಿರಲಿಲ್ಲ.

ಕಣ್ಣಾರೆ ಕಂಡವರು ಬರೆದ ವಿವರ ಉಳಿದಿಲ್ಲ. ನಾವು ಜಾಸ್ತಿ ನಂಬಿಕೊಂಡಿರುವ ಇತಿಹಾಸಕಾರ ಪಾಲಿಡೋರ್ ವರ್ಜಿಲ್ ಇಟಲಿಯವನು, ಇಂಗ್ಲೆಂಡಿಗೆ ಬಂದದ್ದೇ 1502ರಲ್ಲಿ. ಎರಡು ಸೈನ್ಯಗಳ ನಡುವೆ ಜೌಗು ನೆಲ ಇತ್ತು, ಹೆನ್ರಿಯ ಕಡೆಯವರು ಅದನ್ನು ಬಲಕ್ಕೆ ಇಟ್ಟುಕೊಂಡು ಮುಂದೆ ಬಂದರು ಎನ್ನುತ್ತಾನೆ. ಈ ಜೌಗಿನ ಮಾತನ್ನು ನೆನಪಿಟ್ಟುಕೊಳ್ಳಿ.

1788ರಲ್ಲಿ ವಿಲಿಯಂ ಹಟನ್ ಎಂಬಾತ ಆಂಬಿಯನ್ ಗುಡ್ಡವೇ ಕದನದ ಜಾಗ ಎಂದು ಬರೆದ. ಜನ ಒಪ್ಪಿದರು. 1974ರಲ್ಲಿ ಅಲ್ಲೊಂದು ಪ್ರವಾಸಿ ಕೇಂದ್ರವೂ ಬಂತು. ಹಳೆಯ ದಾಖಲೆಗಳು ಮಾತ್ರ ಬೇರೆ ಕಡೆ ಕೈ ತೋರಿಸುತ್ತಿದ್ದವು. ರಿಚರ್ಡ್ ಸತ್ತ ಸುದ್ದಿ ಬರೆದುಕೊಂಡ ಯಾರ್ಕ್ ನಗರದವರು ಜಾಗದ ಹೆಸರು ರೆಡ್‌ಮೋರ್ ಎಂದರು. 13ನೇ ಶತಮಾನದ ಒಂದು ಜಮೀನು ಪತ್ರದಲ್ಲಿ ಆ ರೆಡ್‌ಮೋರ್ ಇರುವುದು ಡಾಡ್ಲಿಂಗ್ಟನ್ ಹಳ್ಳಿಯ ಹೊಲಗಳಲ್ಲಿ. ಕದನದಲ್ಲಿ ಸತ್ತವರಿಗಾಗಿ 1511ರಲ್ಲಿ ಪ್ರಾರ್ಥನೆಗೆ ಏರ್ಪಾಡಾದದ್ದೂ ಡಾಡ್ಲಿಂಗ್ಟನ್‌ನ ಚರ್ಚಿನಲ್ಲೇ.

2005ರಲ್ಲಿ ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ತಂಡ ಸಮೀಕ್ಷೆ ಶುರು ಮಾಡಿತು. ಅವರ ಕೆಲಸದ ಕ್ರಮ ನನಗೆ ತುಂಬಾ ಹಿಡಿಸಿತು. ಕತ್ತಿ, ಗುಂಡು ಹುಡುಕುವುದರ ಜೊತೆಗೆ ಅವರು ಜೌಗನ್ನೂ ಹುಡುಕಿದರು. ನೆಲ ಕೊರೆದು ಮಣ್ಣು ತೆಗೆದು, ಕೊಳೆತ ಗಿಡಗಂಟಿಯ ಪದರಗಳ ವಯಸ್ಸು ಅಳೆದು, ಯಾವ ಜಾಗ ಯಾವಾಗ ಒದ್ದೆಯಾಗಿತ್ತು ಎಂದು ನೋಡಿದರು. ಇವತ್ತು ಅಲ್ಲೆಲ್ಲ ಒಣ ಹೊಲ. ಸುಮ್ನೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಅದರ ಜೊತೆಗೆ ಲೋಹಶೋಧಕ ಹಿಡಿದು ಹೊಲಗಳನ್ನು ಸಾಲುಸಾಲಾಗಿ ನಡೆದರು, ವರ್ಷಗಟ್ಟಲೆ.

2009ರಲ್ಲಿ ಸೀಸದ ಗುಂಡು ಸಿಕ್ಕಿತು. ಆಮೇಲೆ ಒಂದರ ಹಿಂದೆ ಒಂದು, ಮೂವತ್ತಕ್ಕೂ ಹೆಚ್ಚು. ಯುರೋಪಿನ ಬೇರೆ ಯಾವ ಮಧ್ಯಯುಗದ ರಣರಂಗದಲ್ಲೂ ಅಷ್ಟು ಫಿರಂಗಿ ಗುಂಡು ಸಿಕ್ಕಿರಲಿಲ್ಲ. ಜಾಗ ಆಂಬಿಯನ್ ಗುಡ್ಡದಿಂದ ನೈಋತ್ಯಕ್ಕೆ ಸುಮಾರು 3 ಕಿಲೋಮೀಟರ್, ಫೆನ್ ಲೇನ್ ಎಂಬ ಹಳೆಯ ರೋಮನ್ ರಸ್ತೆಯ ಹತ್ತಿರ. ಬೆಳ್ಳಿಗೆ ಚಿನ್ನದ ಲೇಪ ಕೊಟ್ಟ ಪುಟ್ಟ ಕಾಡುಹಂದಿಯ ಬಿಲ್ಲೆಯೊಂದು ಹಳೆಯ ಜೌಗಿನ ಅಂಚಿನಲ್ಲಿತ್ತು. ಕಾಡುಹಂದಿ ರಿಚರ್ಡನ ಲಾಂಛನ. ಇಷ್ಟು ಬೆಲೆಬಾಳುವ ಬಿಲ್ಲೆ ಧರಿಸಿದವನು ದೊರೆಯ ಹತ್ತಿರದವನೇ ಇರಬೇಕು, ಅಲ್ವಾ?

ಫಿರಂಗಿಯ ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಈ ಕದನವನ್ನು ಕುದುರೆ, ಈಟಿ, ಬಿಲ್ಲುಗಳ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಆ ಬೆಳಗ್ಗೆ ಗುಂಡುಗಳ ಅಬ್ಬರವೂ ಜೋರಾಗಿಯೇ ಇತ್ತು ಎಂದು ಈ ಹೊಲಗಳು ಹೇಳುತ್ತಿವೆ.

2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗದ ಕೆಳಗೆ ರಿಚರ್ಡನ ಅಸ್ಥಿಪಂಜರವೂ ಸಿಕ್ಕಿತು. ಒಟ್ಟು 11 ಗಾಯಗಳ ಗುರುತು, ಅದರಲ್ಲಿ 9 ತಲೆಗೆ ಬಿದ್ದವು. ಅಂದರೆ ಕೊನೆಯ ಹೊತ್ತಿಗೆ ಶಿರಸ್ತ್ರಾಣ ಇರಲಿಲ್ಲ. ಕೈಗಳ ಮೇಲೆ ತಡೆದುಕೊಂಡ ಗಾಯಗಳಿಲ್ಲ. ಉಳಿದ ಕವಚ ಮೈಮೇಲೆ ಇದ್ದಿರಬೇಕು. ಶತ್ರುಗಳ ನಡುವೆ ಹೋರಾಡುತ್ತಲೇ ದೊರೆ ಬಿದ್ದ ಎಂದು ಟ್ಯೂಡರರ ಆಸ್ಥಾನಕ್ಕಾಗಿ ಬರೆದ ವರ್ಜಿಲ್ ಕೂಡ ಒಪ್ಪಿದ್ದ. ಎಲುಬುಗಳ ಸಾಕ್ಷಿ ಆ ಮಾತಿಗೆ ಹೊಂದುತ್ತದೆ.