ದಖನಿ ಉಣ್ಣೆಗೆ ಬೇಕಿರುವುದು ಒಂದು ಜಾಲರಿ ಡ್ರಮ್ಮು

ನಮಸ್ಕಾರ. ಇವತ್ತಿನ ವಿಷಯ ಕತ್ತರಿಸಿದ ಉಣ್ಣೆಯಿಂದ ದೂಳು ಕೊಡವುವ ಒಂದು ಡ್ರಮ್ಮು. ಎರಡು ಕಬ್ಬಿಣದ ಬಳೆ, ಸುತ್ತ ಜಾಲರಿ, ನಡುವೆ ಒಂದು ಪೈಪು, ಕೊನೆಗೆ ಒಂದು ಹಿಡಿಕೆ. ಇಷ್ಟೇ ಯಂತ್ರ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕುರಿ ಸಾಕುವ ಪ್ರತಿ ಊರಿನಲ್ಲೂ ಇದು ಒಂದಾದರೂ ಇರಬೇಕು. ದೊಡ್ಡ ಉಣ್ಣೆ ಕಾರ್ಖಾನೆ ಬರಲಿ ಅಂತ ಕಾಯುವ ಮೊದಲು ಇದು ಬರಬೇಕು. ಯಾಕೆ ಅಂತ ಹೇಳುತ್ತೇನೆ.

ಹೊರದೇಶದ ಸಣ್ಣ ಅಲ್ಪಾಕಾ ಫಾರಂಗಳಲ್ಲಿ ಜನ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಅಲ್ಪಾಕಾ ಒಂಟೆಯ ಕುಲದ ಪ್ರಾಣಿ. ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಆಂಡಿಸ್ ಬೆಟ್ಟಗಳು ಅದರ ತವರು. ಅದಕ್ಕೆ ಮಣ್ಣಲ್ಲಿ ಹೊರಳಾಡುವುದು ಅಂದರೆ ಬಲು ಇಷ್ಟ. ಹಾಗಾಗಿ ಉಣ್ಣೆ ಕತ್ತರಿಸಿದಾಗ ಅದರ ತುಂಬಾ ದೂಳು, ಹುಲ್ಲು. ಆದರೆ ಅಲ್ಪಾಕಾ ಉಣ್ಣೆಯಲ್ಲಿ ಜಿಡ್ಡು ಬಹಳ ಕಡಿಮೆ. ಮೆರಿನೋ ಕುರಿಯ ಉಣ್ಣೆಯಲ್ಲಿ ಲ್ಯಾನೊಲಿನ್ ಅನ್ನುವ ಮೇಣದಂಥ ಜಿಡ್ಡು ತುಂಬಿರುತ್ತದೆ. ದೂಳು ಅದರಲ್ಲಿ ಕಚ್ಚಿ ಕೂರುತ್ತದೆ, ಬಿಸಿನೀರು ಸೋಪು ಇಲ್ಲದೆ ಬಿಡುವುದಿಲ್ಲ. ಅಲ್ಪಾಕಾದ ಉಣ್ಣೆಯನ್ನು ಒಣಗಿದ್ದಾಗಲೇ ಜಾಲರಿಯಲ್ಲಿ ಉರುಳಿಸಿದರೆ ಸಾಕು, ದೂಳು ಕೆಳಗೆ ಉದುರುತ್ತದೆ.

ಈಗ ನಮ್ಮ ದಖನಿ ಕುರಿಗೆ ಬನ್ನಿ. ಅದರ ಉಣ್ಣೆ ಒರಟು, ಕೂದಲು ಬೆರೆತದ್ದು, ಹೆಚ್ಚಾಗಿ ಕಪ್ಪು. ಅಲ್ಪಾಕಾದ ನುಣುಪು ಅದಕ್ಕಿಲ್ಲ, ಬರುವುದೂ ಇಲ್ಲ. ಆದರೆ ಜಿಡ್ಡಿನ ಮಟ್ಟಿಗೆ ಅದು ಮೆರಿನೋಗಿಂತ ಎಷ್ಟೋ ಹಗುರ. ಅಂದರೆ ಇದೇ ಡ್ರಮ್ಮು ನಮ್ಮ ಉಣ್ಣೆಗೂ ಒಗ್ಗುತ್ತದೆ. ಯಾದಗಿರಿ, ರಾಯಚೂರು ಕಡೆಯ ಕೆಂಗುರಿಯ ಮಾತು ಬೇರೆ, ಅದು ಮಾಂಸಕ್ಕೆ ಸಾಕುವ ತಳಿ. ನಾನು ಹೇಳುತ್ತಿರುವುದು ಕಂಬಳಿಯ ಕುರಿಯ ಬಗ್ಗೆ.

ನಮ್ಮ ಕುರಿ ಓಡಾಡುವ ನೆಲ ಎಂಥದು ಯೋಚಿಸಿ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಮಂದೆ ಕೂರಿಸುತ್ತಾರೆ, ಗೊಬ್ಬರಕ್ಕೆ. ಎರಿ ಮಣ್ಣು ಬಿಸಿಲಿಗೆ ಪುಡಿಯಾಗಿ ಹಿಟ್ಟಿನಂತೆ ಏಳುತ್ತದೆ. ರಾತ್ರಿಯೆಲ್ಲ ಕುರಿ ಅದರಲ್ಲೇ ಮಲಗುತ್ತವೆ. ಹಗಲು ಜಾಲಿ ಪೊದೆ, ಉತ್ತರಾಣಿ, ನೆಗ್ಗಿಲು ಮುಳ್ಳು. ಹಳ್ಳದಲ್ಲಿ ನೀರಿದ್ದರೆ ಕುರಿಗಳ ಮೈ ತೊಳೆದು ಆಮೇಲೆ ಕತ್ತರಿ ಹಾಕುವ ರೂಢಿ ಇದೆ, ಒಳ್ಳೆಯದೇ. ಆದರೆ ತೊಳೆದ ಕುರಿ ಒಣಗುವುದೂ ಅದೇ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರೇ ಇರುವುದಿಲ್ಲ.

ವ್ಯಾಪಾರಿ ಬಂದು ಮೂಟೆಗೆ ಕೈ ಹಾಕಿ ನೋಡುತ್ತಾನೆ. ಕೈಗೆ ಮಣ್ಣು ಸಿಗುತ್ತದೆ. ಒಳಗೆ ಎಷ್ಟು ಮಣ್ಣಿದೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಾಗಾಗಿ ಅವನು ಎಲ್ಲ ಮೂಟೆಯನ್ನೂ ಕೆಟ್ಟ ಮೂಟೆ ಅಂತಲೇ ಎಣಿಸಿ ದರ ಕಟ್ಟುತ್ತಾನೆ. ಎಷ್ಟೋ ಕಡೆ ಕತ್ತರಿಸುವವರ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲ. ಕೊನೆಗೆ ಕತ್ತರಿಸಿದ ಉಣ್ಣೆಯನ್ನು ಅಲ್ಲೇ ಬೇಲಿ ಬದಿಗೆ ಎಸೆದು ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಂದೆ ಕಾಯ್ದ ಜನ ನಾವು. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗಿ, ಜನರ ಹೆಗಲ ಮೇಲಿನ ಕಂಬಳಿಗಳನ್ನು ಮುಟ್ಟಿ ನೋಡಿ. ಕೈಮಗ್ಗದ ಕರಿ ಕಂಬಳಿ ಎಷ್ಟು, ಪಾಣಿಪತ್ ಕಡೆಯ ಗಿರಣಿಗಳಿಂದ ಬಂದ ಬ್ಲಾಂಕೆಟ್ ಎಷ್ಟು ಅಂತ ನಿಮಗೇ ತಿಳಿಯುತ್ತದೆ.

"ದಖನಿ ಉಣ್ಣೆ ಯಾರಿಗೂ ಬೇಡ" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೊಳೆ ಇರುವ ಉಣ್ಣೆ ಯಾರಿಗೂ ಬೇಡ, ಅಷ್ಟೇ. ಚಳ್ಳಕೆರೆ ಕಂಬಳಿಯ ಹೆಸರು ಇಡೀ ರಾಜ್ಯಕ್ಕೆ ಗೊತ್ತು. ಅದೂ ಒರಟು ಉಣ್ಣೆಯದ್ದೇ ಅಲ್ವಾ?

ಸರಿ, ಡ್ರಮ್ಮಿಗೆ ಬರೋಣ. ರಾಶಿ ತೂರುವುದನ್ನು ನೋಡಿದವರಿಗೆ ಇದರ ತತ್ವ ಹೇಳಿಕೊಡಬೇಕಿಲ್ಲ. ಮೊರ ಎತ್ತಿ ಕಾಳು ಸುರಿಯುತ್ತೇವೆ, ಕೆಳಗೆ ಬೀಳುವ ದಾರಿಯಲ್ಲಿ ಹೊಟ್ಟು ಬೇರೆಯಾಗುತ್ತದೆ. ಇಲ್ಲೂ ಉಣ್ಣೆ ಮೇಲೆ ಹೋಗಬೇಕು, ಅಲ್ಲಿಂದ ಬೀಳಬೇಕು, ಬಿದ್ದಾಗ ಬಿಡಿಬಿಡಿಯಾಗಬೇಕು. ಆ ಹೊಡೆತಕ್ಕೆ ಮಣ್ಣು, ಹುಲ್ಲಿನ ಚೂರು, ಒಣ ಹಿಕ್ಕೆ, ಜೊತೆಗೆ ಎರಡನೇ ಸಲ ಕತ್ತರಿ ಆಡಿಸಿದಾಗ ಬರುವ ತುಂಡು ಎಳೆ ಎಲ್ಲ ಜಾಲರಿಯಿಂದ ಹೊರಗೆ ಉದುರುತ್ತವೆ. ಈ ತುಂಡು ಎಳೆಗಳು ಒಳಗೇ ಉಳಿದರೆ ನೂಲು ಗಂಟುಗಂಟಾಗುತ್ತದೆ.

ಹಾಗಾಗಿ ಇದರ ಜೀವ ವೇಗದಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಡ್ರಮ್ಮು ಜೋರಾಗಿ ತಿರುಗಿದರೆ ಕೆಲಸ ಬೇಗ ಮುಗಿಯುತ್ತದೆ ಅಂತ ಅನಿಸುತ್ತದೆ. ಹಾಗಾಗುವುದಿಲ್ಲ. ಮೂರು ಅಡಿ ಅಗಲದ ಡ್ರಮ್ಮು ನಿಮಿಷಕ್ಕೆ ಸುಮಾರು 44 ಸುತ್ತು ದಾಟಿದರೆ ಒಳಗಿನ ಉಣ್ಣೆ ಗೋಡೆಗೆ ಒತ್ತಿಕೊಂಡು ಅದರ ಜೊತೆಗೇ ಸುತ್ತುತ್ತದೆ, ಬೀಳುವುದೇ ಇಲ್ಲ. ಬೀಳದಿದ್ದರೆ ಮಣ್ಣು ಉದುರುವುದಿಲ್ಲ. ತೀರಾ ನಿಧಾನವಾದರೆ ಉಣ್ಣೆ ತಳದಲ್ಲೇ ಮುದ್ದೆಯಾಗಿ ಜಾರಾಡುತ್ತದೆ. 25ರಿಂದ 30 ಸುತ್ತು ಸರಿಯಾದ ವೇಗ. ಒಬ್ಬ ಮನುಷ್ಯ ಕೈಯಲ್ಲಿ ಹಿಡಿಕೆ ತಿರುಗಿಸುವ ವೇಗವೂ ಹೆಚ್ಚುಕಡಿಮೆ ಅಷ್ಟೇ! ಅದಕ್ಕೇ ನಾನು ಹೇಳುವುದು, ಮೊದಲ ಯಂತ್ರಕ್ಕೆ ಮೋಟಾರು ಬೇಡ. ಸಾಮಾನ್ಯ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅದನ್ನು 30ಕ್ಕೆ ಇಳಿಸಬೇಕಾದರೆ 48 ಪಾಲು ತಗ್ಗಿಸಬೇಕು. ಎರಡು ಹಂತದ ಪುಲ್ಲಿ ಬೇಕು, ಇಲ್ಲವೇ ಗೇರ್ ಬಾಕ್ಸ್ ಬೇಕು, ಖರ್ಚು ಅಲ್ಲೇ ಏರುತ್ತದೆ. ಫ್ಯಾನ್ ರೆಗ್ಯುಲೇಟರ್ ಹಾಕಿ ನಿಧಾನ ಮಾಡುತ್ತೇವೆ ಅಂದರೆ ಮೋಟಾರು ಬಿಸಿಯಾಗಿ ಸುಡುತ್ತದೆ. ಮೇಲಾಗಿ ಕುರಿಗಾರರು ವರ್ಷದಲ್ಲಿ ಎಷ್ಟೋ ತಿಂಗಳು ಹೊಲದಿಂದ ಹೊಲಕ್ಕೆ ತಿರುಗುವವರು. ಅಲ್ಲಿ ಕರೆಂಟು ಎಲ್ಲಿಂದ ತರುತ್ತಾರೆ?

ಕಟ್ಟುವುದು ಹೇಗೆ? ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವ ಯಾವ ವೆಲ್ಡಿಂಗ್ ಅಂಗಡಿಯವರಿಗೂ ಇದು ಕಷ್ಟದ ಕೆಲಸ ಅಲ್ಲ. ಜೇವರ್ಗಿ, ಶಹಾಪುರ, ಭಾಲ್ಕಿ, ಎಲ್ಲಾದರೂ ಆದೀತು. ಪಟ್ಟಿ ಕಬ್ಬಿಣದ ಮೂರು ಅಡಿ ಅಗಲದ ಬಳೆಗಳು, ಡ್ರಮ್ಮಿನ ಉದ್ದ ನಾಲ್ಕು ಅಡಿ, ಸುತ್ತ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ. ಎರಡು ತುದಿಗೆ ಬೇರಿಂಗ್. ಒಳಗೆ ಉದ್ದಕ್ಕೂ ನಾಲ್ಕು ಮರದ ಪಟ್ಟಿ, ಉಣ್ಣೆಯನ್ನು ಎತ್ತಿಕೊಂಡು ಹೋಗಲು. ಮೊಳೆ ಹೊಡೆಯಬೇಡಿ, ಉಣ್ಣೆ ಸಿಕ್ಕಿಕೊಂಡು ಹಗ್ಗವಾಗುತ್ತದೆ. ಜಾಲರಿಯ ಕತ್ತರಿಸಿದ ತುದಿಗಳು ಹೊರಕ್ಕೆ ಮಡಚಿರಲಿ.

ಡ್ರಮ್ಮಿಗೆ ಹಾಕುವ ಮೊದಲೇ ಅರ್ಧ ಕೆಲಸ ಇದೆ. ಕುರಿಯನ್ನು ತಾಡಪತ್ರಿಯ ಮೇಲೆ ಕತ್ತರಿಸಿ, ಬರಿ ನೆಲದ ಮೇಲೆ ಬೇಡ. ಹೊಟ್ಟೆ, ಬಾಲ, ಕಾಲಿನ ಕಡೆಯ ಹಿಕ್ಕೆ ಅಂಟಿದ ಗಂಟುಗಳನ್ನು ಮೊದಲೇ ತೆಗೆದು ಬೇರೆ ಹಾಕಿ. ಉಳಿದದ್ದನ್ನು ಕೈಯಲ್ಲಿ ಬಿಡಿಸಿ, ಚೆನ್ನಾಗಿ ಒಣಗಿಸಿ. ಹಸಿ ಉಣ್ಣೆ ಉರುಳಿದರೆ ಎಳೆಗಳು ಒಂದಕ್ಕೊಂದು ಹೆಣೆದು ಜಮಖಾನೆಯ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಒಣ ಉಣ್ಣೆಯನ್ನೂ ಸುಮ್ನೆ ಗಂಟೆಗಟ್ಟಲೆ ತಿರುಗಿಸಬೇಡಿ. ಕೆಳಗೆ ದೂಳು ಬೀಳುವುದು ನಿಂತಾಗ ನಿಲ್ಲಿಸಿ.

ಉತ್ತರಾಣಿ, ನೆಗ್ಗಿಲು ಡ್ರಮ್ಮಿನಿಂದ ಹೋಗುವುದಿಲ್ಲ. ಅವುಗಳಿಗೆ ಕೊಕ್ಕೆ ಇದೆ, ಮುಳ್ಳಿದೆ, ಎಳೆ ಹಿಡಿದು ಕೂರುತ್ತವೆ. ಅವುಗಳನ್ನು ಕೈಯಿಂದಲೇ ಆರಿಸಬೇಕು. ಆದರೆ ದೂಳು ಹೋದ ಮೇಲೆ ಮುಳ್ಳು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ಈ ಆರಿಸುವ, ಬಡಿಯುವ, ಹಿಂಜುವ ಕೆಲಸ ಮಾಡುವವರು ಯಾರು? ಬಹುಪಾಲು ಹೆಂಗಸರು. ಬಾಗಿಲು ಮುಂದೆ ಕೂತು, ಸೆರಗು ಮೂಗಿಗೆ ಕಟ್ಟಿಕೊಂಡು. ಆ ದೂಳು ನೇರ ಎದೆಗೆ ಇಳಿಯುತ್ತದೆ. ಆಂಥ್ರಾಕ್ಸ್, ಅಂದರೆ ಕುರಿ ದನಗಳಿಗೆ ಬರುವ ನೆರಡಿ ರೋಗ, ಉಣ್ಣೆಯ ದೂಳಿನಿಂದ ಶ್ವಾಸಕೋಶಕ್ಕೂ ಬರುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಉಣ್ಣೆ ಗಿರಣಿಗಳಲ್ಲಿ 19ನೇ ಶತಮಾನದಲ್ಲಿ ಕೆಲಸಗಾರರು ಇದರಿಂದಲೇ ಸತ್ತರು. ಅಲ್ಲಿಗೆ ಬರುತ್ತಿದ್ದ ಸರಕಿನಲ್ಲಿ ಅಲ್ಪಾಕಾ ಉಣ್ಣೆಯೂ ಇತ್ತು. ಸತ್ತ ಕುರಿಯ ಉಣ್ಣೆಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಡ್ರಮ್ಮನ್ನು ಬಯಲಲ್ಲಿ ಇಡಿ, ಗಾಳಿ ಬೆನ್ನಿಗೆ ಬರುವಂತೆ ನಿಂತುಕೊಳ್ಳಿ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಮಕ್ಕಳು ದೂರ ಇರಲಿ. ಮೂಗಿನ ಹತ್ತಿರ ಹಿಡಿದು ಬಡಿಯುವ ಕೆಲಸವನ್ನು ಡ್ರಮ್ಮು ಒಂದು ಹಿಡಿಕೆಯಷ್ಟು ದೂರಕ್ಕೆ ತಳ್ಳುತ್ತದೆ. ಬೆಲೆಯ ಮಾತು ಆಮೇಲೆ, ನನಗೆ ಇದೊಂದೇ ಕಾರಣ ಸಾಕು.

ಇನ್ನು ನೀರು. ಮಣ್ಣು ತುಂಬಿದ ಉಣ್ಣೆಯನ್ನು ತೊಳೆದರೆ ಮೊದಲ ನೀರೆಲ್ಲ ಕೆಸರು. ಒಣದರಲ್ಲೇ ಮಣ್ಣು ತೆಗೆದರೆ ತೊಳೆಯಲು ಕಡಿಮೆ ನೀರು ಸಾಕು. ಟ್ಯಾಂಕರ್ ನೀರಿಗೆ ಕಾಯುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕೆಳಗೆ ಬಿದ್ದ ಹಿಕ್ಕೆ ಪುಡಿ, ತುಂಡು ಉಣ್ಣೆ ತಿಪ್ಪೆಗೆ ಹೋಗಲಿ. ಉಣ್ಣೆಯಲ್ಲಿ ಸಾರಜನಕ ಇದೆ, ಗಂಧಕ ಇದೆ, ನಿಧಾನವಾಗಿ ಕೊಳೆತು ಬೆಳೆಗೆ ಸಿಗುತ್ತದೆ.

ಸರ್ಕಾರದ ಕಡೆಯಿಂದ ಏನು ಬೇಕು ಅಂತ ಕೇಳಿದರೆ, ನನ್ನ ಬೇಡಿಕೆ ದೊಡ್ಡದಲ್ಲ. ಜೋಧಪುರದಲ್ಲಿ ಕೇಂದ್ರ ಉಣ್ಣೆ ಅಭಿವೃದ್ಧಿ ಮಂಡಳಿ ಇದೆ. ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ. ಬೀದರ್‌ನಲ್ಲೇ ಪಶು ವಿಶ್ವವಿದ್ಯಾಲಯ ಇದೆ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ಒಂದು ಬ್ಯಾಚಿನ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ಡ್ರಮ್ಮು ತೆಗೆದುಕೊಳ್ಳಲಿ. ಬಿಚ್ಚಿ ಕತ್ತೆಯ ಮೇಲೋ ಗೂಡ್ಸ್ ಗಾಡಿಯಲ್ಲೋ ಹೇರಿಕೊಂಡು ಹೋಗುವಂಥದ್ದು ಮಾಡಲಿ. ನಕ್ಷೆಯನ್ನು ಕನ್ನಡದಲ್ಲಿ, ಅಳತೆ ಸಮೇತ, ಎಲ್ಲರಿಗೂ ಬಿಟ್ಟುಕೊಡಲಿ.

ಅಲ್ಲಿಯವರೆಗೆ ಊರಿನ ನಾಲ್ಕು ಮನೆ ಸೇರಿ ಒಂದನ್ನು ಮಾಡಿಸಿ. ಮೊದಲ ಸಲ ಉರುಳಿಸುವಾಗ ಹಾಕುವ ಮುಂಚೆ ತೂಗಿ, ತೆಗೆದ ಮೇಲೆ ತೂಗಿ, ಎರಡನ್ನೂ ಬರೆದಿಟ್ಟುಕೊಳ್ಳಿ. ವ್ಯಾಪಾರಿ ಬಂದಾಗ ಕೊಡವಿದ ಮೂಟೆ ಒಂದು ಕಡೆ, ಕೊಡವದ ಮೂಟೆ ಇನ್ನೊಂದು ಕಡೆ ಇಟ್ಟು ಎರಡಕ್ಕೂ ಬೇರೆ ಬೇರೆ ದರ ಕೇಳಿ. ಒಂದೇ ದರ ಅಂದರೆ ಕೊಡವಿದ್ದನ್ನು ಕೊಡಬೇಡಿ. ಮಗ್ಗ ಇರುವ ಊರಿಗೆ ನೇರ ಫೋನ್ ಮಾಡಿ. ನೇಕಾರರಿಗೆ ಮಣ್ಣಿಲ್ಲದ ಉಣ್ಣೆ ಕೈಗೆ ಹತ್ತಿದ ತಕ್ಷಣ ಗೊತ್ತಾಗುತ್ತದೆ. ನೀವು ಕಟ್ಟಿದ ಡ್ರಮ್ಮಿನ ಫೋಟೋ, ಅಳತೆ, ನಿಮಗೆ ಸಿಕ್ಕ ದರ ಮೂರನ್ನೂ ನನಗೆ ಕಳಿಸಿ. ಮುಂದಿನ ವಿಡಿಯೋದಲ್ಲಿ ಹೆಸರಿಲ್ಲದೆ ಎಲ್ಲವನ್ನೂ ತೋರಿಸುತ್ತೇನೆ.