ಹೊಟ್ಟೆಯ ಪೊರೆಯ ಅಳತೆ: ಪೆಟ್ ಪರೀಕ್ಷೆ ಎಲ್ಲಿ ತಪ್ಪುತ್ತದೆ

ಎಲ್ಲರಿಗೂ ನಮಸ್ಕಾರ.

ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿರುವ, ಅಂದರೆ ಹೊಟ್ಟೆಗೆ ದ್ರವ ತುಂಬಿಸಿ ಅದರ ಒಳಪೊರೆಯ ಮೂಲಕ ರಕ್ತ ಶುದ್ಧಿ ಮಾಡಿಸಿಕೊಳ್ಳುವ ರೋಗಿಯ ಕಾಲು ಊದಿತು, ಚೀಲದಲ್ಲಿ ಇಳಿಯುವ ದ್ರವ ಕಡಿಮೆಯಾಯಿತು ಎಂದರೆ ‘ಪೆಟ್ ಮಾಡಿಸಿ’ ಎಂದು ಬರೆಯುವುದು ಸುಲಭ. ವರದಿಯಲ್ಲಿ ಡಿ/ಪಿ (ಕ್ರಿಯಾಟಿನಿನ್ ಎಂಬ ಕಸ ದ್ರವದಲ್ಲಿರುವ ಮಟ್ಟವನ್ನು ರಕ್ತದಲ್ಲಿರುವ ಮಟ್ಟದಿಂದ ಭಾಗಿಸಿದ ಅನುಪಾತ) 0.84 ಎಂದು ಬಂದಾಗ ಅದು ಪೊರೆಯ ಗುಣವೋ ನಮ್ಮ ಕೈಯ ಗುಣವೋ ಎಂದು ನಿರ್ಧರಿಸುವುದು ಕಷ್ಟ. ಇವತ್ತಿನ ಮಾತು ಹೆಚ್ಚಾಗಿ ಈ ಎರಡನೆಯದರ ಬಗ್ಗೆ.

ಪೆಟ್ ಎಂಬ ಈ ಪೆರಿಟೋನಿಯಲ್ ಈಕ್ವಿಲಿಬ್ರೇಶನ್ ಟೆಸ್ಟನ್ನು 1987ರಲ್ಲಿ ಟ್ವಾರ್ಡೋವ್ಸ್ಕಿ ಮತ್ತು ಸಂಗಡಿಗರು ರೂಪಿಸಿದರು. ನಾಲ್ಕು ಗಂಟೆಯಲ್ಲಿ ರಕ್ತದ ಕ್ರಿಯಾಟಿನಿನ್ ಎಷ್ಟರ ಮಟ್ಟಿಗೆ ದ್ರವಕ್ಕೆ ದಾಟಿತು, ದ್ರವದ ಗ್ಲೂಕೋಸ್ ಎಷ್ಟು ಉಳಿಯಿತು, ಒಟ್ಟು ಎಷ್ಟು ನೀರು ಹೊರಬಂತು ಎಂಬ ಮೂರನ್ನು ಅದು ಹೇಳುತ್ತದೆ. ಡಯಾಲಿಸಿಸ್ ಸಾಕಾಗುತ್ತಿದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ 24 ಗಂಟೆಯ ದ್ರವ ಮತ್ತು ಮೂತ್ರ ಬೇಕು. ಚಿಕಿತ್ಸೆ ಶುರುವಾಗಿ ಕನಿಷ್ಠ ನಾಲ್ಕರಿಂದ ಆರು ವಾರ ಕಳೆಯುವ ಮುನ್ನ ಪೆಟ್ ಮಾಡಿದರೆ ಪೊರೆ ಇನ್ನೂ ನೆಲೆಗೊಂಡಿರುವುದಿಲ್ಲ. ಪೆರಿಟೋನೈಟಿಸ್ (ಪೊರೆಯ ಸೋಂಕು) ಆಗಿದ್ದರೆ ವಾಸಿಯಾದ ಮೇಲೂ ಒಂದು ತಿಂಗಳು ಕಾಯಿರಿ.

ಪರೀಕ್ಷೆ ನಿಜವಾಗಿ ಶುರುವಾಗುವುದು ಹಿಂದಿನ ರಾತ್ರಿ. ಆ ರಾತ್ರಿಯ ದ್ರವ 8ರಿಂದ 12 ಗಂಟೆ ಹೊಟ್ಟೆಯಲ್ಲಿರಬೇಕು. ಬೆಳಿಗ್ಗೆ ರೋಗಿಯನ್ನು ಕೂರಿಸಿ 20 ನಿಮಿಷ ಪೂರ್ತಿ ಇಳಿಸಿ. ಇಲ್ಲಿ ಆತುರ ಮಾಡುವವರೇ ಹೆಚ್ಚು. ಎಲ್ಲರ ಹೊಟ್ಟೆಯಲ್ಲೂ ಸುಮಾರು 250 ಮಿಲಿ ಉಳಿಯುತ್ತದೆ. ಅದು 500 ಮಿಲಿ ಆದರೆ, ರಕ್ತದ ಮಟ್ಟಕ್ಕೆ ಆಗಲೇ ಏರಿರುವ ಆ ಹಳೆಯ ದ್ರವ ಹೊಸ 2 ಲೀಟರ್‌ನೊಂದಿಗೆ ಬೆರೆತು, ಸೊನ್ನೆ ಗಂಟೆಯಲ್ಲೇ ಡಿ/ಪಿ ಅನುಪಾತ 0.1ರ ಬದಲು 0.2 ತೋರಿಸುತ್ತದೆ. ಸೊನ್ನೆ ಗಂಟೆಯ ಕ್ರಿಯಾಟಿನಿನ್ ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ.

ನಂತರ 2.5% ಡೆಕ್ಸ್‌ಟ್ರೋಸ್‌ನ 2 ಲೀಟರ್ ದ್ರವ. ರೋಗಿ ಮಲಗಿರಲಿ. ಎರಡೆರಡು ನಿಮಿಷಕ್ಕೆ 400 ಮಿಲಿಯಂತೆ 10 ನಿಮಿಷದಲ್ಲಿ ತುಂಬಿಸಿ, ಪ್ರತಿ 400 ಮಿಲಿಗೊಮ್ಮೆ ಮಗ್ಗುಲು ಬದಲಿಸಲು ಹೇಳಿ. ತುಂಬಿ ಮುಗಿದ ಕ್ಷಣವೇ ಸೊನ್ನೆ ಗಂಟೆ. ತುಂಬಲು ಶುರುಮಾಡಿದ ಕ್ಷಣವಲ್ಲ. ಆಗ 200 ಮಿಲಿ ಇಳಿಸಿ, ಚೀಲವನ್ನು ಎರಡು ಮೂರು ಸಲ ತಲೆಕೆಳಗು ಮಾಡಿ ಬೆರೆಸಿ, 10 ಮಿಲಿ ಮಾದರಿ ತೆಗೆದು, ಉಳಿದ 190 ಮಿಲಿಯನ್ನು ಒಳಗೆ ಬಿಡಿ. ಕೊಳವೆಯಲ್ಲಿ ನಿಂತದ್ದನ್ನೇ ಹೀರಿದರೆ ನಿಮಗೆ ಸಿಗುವುದು ಹೊಟ್ಟೆ ಕಾಣದ ತಾಜಾ ದ್ರವ. ಎರಡನೇ ಗಂಟೆಗೆ ಇದನ್ನೇ ಮತ್ತೆ ಮಾಡಿ, ಜೊತೆಗೆ ರಕ್ತ ತೆಗೆಯಿರಿ. ನಡುವೆ ರೋಗಿ ಓಡಾಡಲಿ. ನಾಲ್ಕನೇ ಗಂಟೆಗೆ ಮತ್ತೆ 20 ನಿಮಿಷ ಇಳಿಸಿ, ತೂಗಿ, ಚೆನ್ನಾಗಿ ಬೆರೆಸಿ ಮಾದರಿ ತೆಗೆಯಿರಿ. ಈ ಕೊನೆಯ ಇಳಿಕೆ ಅಪೂರ್ಣವಾದರೆ ಸಾಂದ್ರತೆ ಬದಲಾಗುವುದಿಲ್ಲ, ಹೊರಬಂದ ನೀರಿನ ಲೆಕ್ಕ ಮಾತ್ರ ಸುಳ್ಳಾಗುತ್ತದೆ. ಹೊಸ ಚೀಲದಲ್ಲಿ 2 ಲೀಟರ್‌ಗಿಂತ ತುಸು ಹೆಚ್ಚೇ ಇರುತ್ತದೆ, ಹಾಗಾಗಿ ಚೀಲದ ಮೇಲೆ ಅಚ್ಚಾದ ಅಂಕಿ ನಂಬದೆ ತುಂಬುವ ಮುನ್ನವೂ ನಂತರವೂ ತೂಗಿ.

ಇನ್ನು ಪ್ರಯೋಗಾಲಯ. ಕ್ರಿಯಾಟಿನಿನ್ ಅನ್ನು ಬಣ್ಣದಿಂದ ಅಳೆಯುವ ಯಾಫೆ ವಿಧಾನದಲ್ಲಿ ಗ್ಲೂಕೋಸ್ ಕೂಡ ಕ್ರಿಯಾಟಿನಿನ್‌ನಂತೆ ಬಣ್ಣ ಕೊಡುತ್ತದೆ. ತಿದ್ದುವುದು ಹೇಗೆ? ಬಳಸದ ತಾಜಾ ದ್ರವವನ್ನೇ ಪರೀಕ್ಷೆಗೆ ಕಳಿಸಿ. ಅದರಲ್ಲಿ ಕ್ರಿಯಾಟಿನಿನ್ ಇರಲು ಸಾಧ್ಯವೇ ಇಲ್ಲ. ಆದರೂ ಯಂತ್ರ 1.2 ಮಿಗ್ರಾಂ ತೋರಿಸಿತು, ಗ್ಲೂಕೋಸ್ 2270 ಇತ್ತು ಎನ್ನಿ; ಭಾಗಿಸಿದರೆ 0.00053. ನಿಮ್ಮ ಯಂತ್ರದ ತಿದ್ದುಪಡಿ ಅಂಶ ಅದು, ಬೇರೆಯವರದನ್ನು ಎರವಲು ತರಬೇಡಿ. ಈಗ ನಾಲ್ಕನೇ ಗಂಟೆಯ ದ್ರವದಲ್ಲಿ ಕ್ರಿಯಾಟಿನಿನ್ 6.7, ಗ್ಲೂಕೋಸ್ 600, ರಕ್ತದ ಕ್ರಿಯಾಟಿನಿನ್ 8.0 ಎಂದುಕೊಳ್ಳೋಣ. ತಿದ್ದದಿದ್ದರೆ 0.84. ತಿದ್ದಿದರೆ 6.7ರಲ್ಲಿ 0.32 ಕಳೆದು 6.38, ಅಂದರೆ 0.80. ವೇಗದ ಪೊರೆ ಎಂಬ ಹಣೆಪಟ್ಟಿ ಅಷ್ಟಕ್ಕೇ ಕಳಚಿತು! ಎಂಜೈಮ್ ವಿಧಾನವಿದ್ದರೆ ಈ ತಲೆನೋವಿಲ್ಲ. ಸೊನ್ನೆ ಗಂಟೆಯ ಗ್ಲೂಕೋಸ್ ಸಾಮಾನ್ಯವಾಗಿ ಯಂತ್ರದ ಮಿತಿ ಮೀರುತ್ತದೆ. ಮಾದರಿಯನ್ನು ದುರ್ಬಲಗೊಳಿಸಬೇಕೆಂದು ಚೀಟಿಯಲ್ಲೇ ಬರೆಯಿರಿ.

ಡಿ/ಪಿ 0.81 ಮೀರಿದರೆ ವೇಗದ ಪೊರೆ, 0.65ರಿಂದ 0.81 ಮೇಲಿನ ಸರಾಸರಿ, 0.50ರಿಂದ 0.64 ಕೆಳಗಿನ ಸರಾಸರಿ, ಅದಕ್ಕೂ ಕಡಿಮೆಯಾದರೆ ನಿಧಾನ. ಗ್ಲೂಕೋಸ್ ಇದಕ್ಕೆ ವಿರುದ್ಧವಾಗಿ ಓಡಬೇಕು. ನಮ್ಮ ಉದಾಹರಣೆಯಲ್ಲಿ ಆರಂಭದ ಗ್ಲೂಕೋಸ್ 2050 ಇದ್ದರೆ, ನಾಲ್ಕನೇ ಗಂಟೆಯ 600ನ್ನು ಅದರಿಂದ ಭಾಗಿಸಿದ ಅನುಪಾತ 0.29, ಅದೂ ಮೇಲಿನ ಸರಾಸರಿಯೇ. ಎರಡೂ ಒಂದೇ ಮಾತು ಹೇಳುತ್ತಿವೆ. ಹೇಳದಿದ್ದರೆ ಮಾದರಿ ಅಥವಾ ಲೆಕ್ಕ ಹದಗೆಟ್ಟಿದೆ ಎಂದೇ ಮೊದಲು ಶಂಕಿಸಿ. ರಕ್ತದಲ್ಲಿ ಸಕ್ಕರೆ ತೀರಾ ಏರಿದ್ದರೂ ನೀರು ಕಡಿಮೆ ಬರುತ್ತದೆ, ಅಂಥ ದಿನ ಪರೀಕ್ಷೆ ಮುಂದೂಡಿ.

ವೇಗದ ಪೊರೆಯಲ್ಲಿ ಗ್ಲೂಕೋಸ್ ಬೇಗ ರಕ್ತಕ್ಕೆ ಸೇರಿ ನೀರನ್ನು ಎಳೆಯುವ ಬಲ ಕುಸಿಯುತ್ತದೆ. ಚಿಕ್ಕ ಅವಧಿಯ ಸರದಿಗಳು (ದ್ರವ ತುಂಬಿ ಇಳಿಸುವ ಸುತ್ತುಗಳು), ದೀರ್ಘ ಅವಧಿಗೆ ನಿಧಾನವಾಗಿ ಹೀರಲ್ಪಡುವ ಐಕೊಡೆಕ್ಸ್‌ಟ್ರಿನ್ ದ್ರವ, ಇವು ಅದಕ್ಕೆ ದಾರಿ. ನಿಧಾನದ ಪೊರೆಗೆ ದೀರ್ಘ ಅವಧಿ ಬೇಕು. ರಾತ್ರಿಯ ಯಂತ್ರದ ಚುಟುಕು ಸರದಿಗಳಲ್ಲಿ ಕ್ರಿಯಾಟಿನಿನ್ ದಾಟಲು ಸಮಯವೇ ಸಿಗುವುದಿಲ್ಲ.

ನೀರಿನ ತೊಂದರೆಯೇ ಮುಖ್ಯವಾದಾಗ ನಾನು 4.25% ದ್ರವದ ಪೆಟ್ ಪರೀಕ್ಷೆಯನ್ನೇ ಆರಿಸುತ್ತೇನೆ. ನಾಲ್ಕು ಗಂಟೆಗೆ ಹೆಚ್ಚುವರಿ ನೀರು 400 ಮಿಲಿಗಿಂತ ಕಡಿಮೆಯಾದರೆ ಅದು ಅಲ್ಟ್ರಾಫಿಲ್ಟ್ರೇಶನ್ ವೈಫಲ್ಯ, ಅಂದರೆ ಸಾಕಷ್ಟು ನೀರು ಹೊರಬಾರದ ಸ್ಥಿತಿ. ಇದರಲ್ಲಿ ಇನ್ನೊಂದು ಲಾಭವಿದೆ. ಅಕ್ವಾಪೊರಿನ್-1 ಎಂಬ ಅತಿಸಣ್ಣ ರಂಧ್ರಗಳು ಬರೀ ನೀರನ್ನು ಬಿಡುತ್ತವೆ, ಸೋಡಿಯಂ ಬಿಡುವುದಿಲ್ಲ. ಹಾಗಾಗಿ ಮೊದಲ ಗಂಟೆಯಲ್ಲಿ ದ್ರವದ ಸೋಡಿಯಂ ತೆಳುವಾಗಿ ಇಳಿಯಬೇಕು. 60ನೇ ನಿಮಿಷಕ್ಕೆ ಆ ಇಳಿಕೆ 5 ಮಿಲಿಮೋಲ್‌ಗಿಂತ ಹೆಚ್ಚಿಲ್ಲದಿದ್ದರೆ ನೀರಿನ ದಾರಿ ಮುಚ್ಚುತ್ತಿರಬಹುದು. ವೇಗದ ಪೊರೆಯಲ್ಲಿ ರಕ್ತದ ಸೋಡಿಯಂ ಬೇಗ ಬಂದು ಸೇರುವುದರಿಂದಲೂ ಇಳಿಕೆ ಮಸುಕಾಗುತ್ತದೆ; ಡಿ/ಪಿ ಜೊತೆಗಿಟ್ಟೇ ಓದಿ. ವರ್ಷಗಟ್ಟಲೆ ಚಿಕಿತ್ಸೆಯಲ್ಲಿರುವವರಲ್ಲಿ ಡಿ/ಪಿ ವೇಗವಾಗಿಲ್ಲದೆಯೂ ಇಳಿಕೆ ಮಾಯವಾಗಿದ್ದರೆ ಪೊರೆ ಗಡುಸಾಗುತ್ತಿರುವ ಅನುಮಾನ ಬಲವಾಗುತ್ತದೆ.

ಡಿ/ಪಿ ಸರಾಸರಿ, ಸೋಡಿಯಂ ಇಳಿಕೆ ಚೆನ್ನಾಗಿದೆ, ಆದರೂ ನೀರು ಬರುತ್ತಿಲ್ಲ ಎಂದರೆ ಪೊರೆಯನ್ನು ದೂರುವ ಮೊದಲು ಕ್ಯಾತಿಟರ್ (ಹೊಟ್ಟೆಗೆ ಹಾಕಿದ ಕೊಳವೆ) ನೋಡಿ. 2 ಲೀಟರ್ ತುಂಬಿಸಿ ತಕ್ಷಣ ಇಳಿಸಿ. ಪೂರ್ತಿ ಬರದಿದ್ದರೆ ಮಲಬದ್ಧತೆ, ತುದಿ ಜಾರಿದ ಕ್ಯಾತಿಟರ್ ಇವುಗಳಿಗೆ ಎಕ್ಸ್-ರೇ ತೆಗೆಸಿ. ಬಂದರೆ ಹೊಟ್ಟೆಯ ಗೋಡೆ, ವೃಷಣಚೀಲ, ಎದೆಯ ಬಲಭಾಗದಲ್ಲಿ ಸೋರಿಕೆಯ ಕುರುಹು ಹುಡುಕಿ.